ರಾಜಮ್ಮ ಟೀಚರ್ ಮತ್ತು ಮೂರು ಹಿತ್ತಾಳೆ ಹುಲಿಗಳು

ಮಾತನಾಡುವ ಸ್ವಾತಂತ್ರ್ಯ ಸಿಕ್ಕ ಮನುಷ್ಯ ಲೋಕದ ಸಕಲ ವಿಷಯಗಳನ್ನೂ ಚರ್ಚಿಸುತ್ತಾನೆಂದು ದೊಡ್ಡವರು ನಂಬಿದ್ದಾರೆ. ನಾನು ಸಂಬಳಕ್ಕಾಗಿ ಗಮನಿಸುತ್ತಿದ್ದ ಇಪ್ಪತ್ತು ಮಂದಿ ಮಾತ್ರ, ದಾಳ ಮೇಜಿನಿಂದ ಕೆಳಕ್ಕೆ ಉರುಳಿದರೆ ಆ ಗರ ಲೆಕ್ಕಕ್ಕುಂಟೋ ಇಲ್ಲವೋ ಎಂಬುದೊಂದನ್ನೇ ಎಂಟು ತಿಂಗಳು ಚರ್ಚಿಸಿದರು.

ಅದು 2012. ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಗೇಜ್ ಹಿಡಿದು ಬಿಡಿಭಾಗಗಳ ಅಳತೆ ನೋಡಿದ್ದ ನಾನು, ಕಾರ್ಖಾನೆ ಮುಚ್ಚಿದ ಮೇಲೆ ಎಲೆಕ್ಟ್ರಾನಿಕ್ ಸಿಟಿಯ ಸಣ್ಣ ಕಂಪನಿಯೊಂದರಲ್ಲಿ ‘ಕಮ್ಯುನಿಟಿ ಲೀಡ್’ ಆಗಿದ್ದೆ. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಬೇರೆ ಕಂಪನಿಗಳ ಆನ್‌ಲೈನ್ ಫೋರಂಗಳನ್ನು, ಅಂದರೆ ಗ್ರಾಹಕರು ಕೂತು ಬರೆದು ಹರಟುವ ಜಗಲಿಗಳನ್ನು, ಗುತ್ತಿಗೆಯ ಮೇಲೆ ನೋಡಿಕೊಳ್ಳುವುದು ನಮ್ಮ ಕಸುಬು. ಬೈಗುಳ ಅಳಿಸಬೇಕು, ಜಗಳ ಬಿಡಿಸಬೇಕು, ವಾರಕ್ಕೊಂದು ವರದಿ ಕಳಿಸಬೇಕು. ನನ್ನ ಐದು ಜನರ ತಂಡಕ್ಕೆ ಬಂದದ್ದು ಬೋರ್ಡ್ ಗೇಮ್ ಮಾರುವ ಕಂಪನಿಯೊಂದರ ಫೋರಂ.

ಹೊಸಬರು ಯಾರಾದರೂ ಬಂದು ಏನಾದರೂ ಕೇಳಿದರೆ, ಹಳಬರು ‘ಇದಕ್ಕೆ ಆಗಲೇ ಉತ್ತರ ಕೊಟ್ಟಾಗಿದೆ, ಹುಡುಕಿ ಓದಿ’ ಎಂದು ಗದರಿ ಮತ್ತೆ ದಾಳಕ್ಕೆ ಮರಳುತ್ತಿದ್ದರು. ಹೊಸಬರು ಎರಡನೇ ಸಲ ಬರುತ್ತಿರಲಿಲ್ಲ. ಜುಲೈನಲ್ಲಿ ಗ್ರಾಹಕ ಕಂಪನಿಯ ಮ್ಯಾನೇಜರ್ ಮೇಡಂ ಷರತ್ತು ಹಾಕಿದರು: ಸೆಪ್ಟೆಂಬರ್ ಕೊನೆಯೊಳಗೆ ಯಾವ ಒಂದು ವಿಷಯವೂ ಒಟ್ಟು ಬರಹಗಳ ಅರ್ಧಕ್ಕಿಂತ ಹೆಚ್ಚಿರಕೂಡದು. ಇದ್ದರೆ ಗುತ್ತಿಗೆ ಇಲ್ಲ. ಗುತ್ತಿಗೆ ಇಲ್ಲದಿದ್ದರೆ ನಾವು ಐವರೂ ಇಲ್ಲ.

ನಾನು ‘ವಾರದ ವಿಷಯ’ ಎಂಬ ಪ್ರಕಟಣೆ ಹೊರಡಿಸಿದೆ. ಯಾರೂ ಓದಲಿಲ್ಲ. ದಾಳದ ಚರ್ಚೆಗೆ ಬೀಗ ಹಾಕಿದೆ. ಅವರು ಹುಟ್ಟುಹಬ್ಬದ ಶುಭಾಶಯದ ಪುಟದಲ್ಲಿ ದಾಳ ಉರುಳಿಸಿದರು.

ತಂಡದಲ್ಲಿ ಶಿವಲೀಲಾ ಎಂಬಾಕೆ ಇದ್ದಳು. ಬಾಗಲಕೋಟೆ ಕಡೆಯವಳು, ಹೆಬ್ಬಗೋಡಿಯಲ್ಲಿ ಬಾಡಿಗೆ ರೂಮು, ಮೊದಲ ಕೆಲಸ, ಇನ್ನೂ ಪ್ರೊಬೇಷನ್. ಒಂದು ಮಧ್ಯಾಹ್ನ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಪೆನ್ನಿನಲ್ಲಿ ಹುಲಿ-ಕುರಿ ಆಟದ ಮನೆ ಬರೆದು, ತನ್ನ ಅಜ್ಜಿ ಆಡುತ್ತಿದ್ದ ಬಗೆ ವಿವರಿಸಿದಳು. ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯನ್ನು ಹಾರಿ ತಿನ್ನುತ್ತದೆ. ಕುರಿಗಳು ಒತ್ತಾಗಿ ನಿಂತು ಹುಲಿ ಅಲುಗಾಡದಂತೆ ಕಟ್ಟಿಹಾಕುತ್ತವೆ. ಕ್ಯಾಂಟೀನಿನಲ್ಲಿದ್ದ ಅರ್ಧ ಜನ ಬಂದು ಸುತ್ತ ನಿಂತರು.

ಇವಳು ಫೋರಂನಲ್ಲಿ ಬರೆದರೆ ಸಾಕಿತ್ತು. ಆದರೆ ಸಿಬ್ಬಂದಿ ಪ್ರಕಟಣೆ ಹೊರತು ಬೇರೇನೂ ಬರೆಯಬಾರದೆಂದು ಒಪ್ಪಂದದಲ್ಲಿ ನಿಯಮವಿತ್ತು. ನಿಯಮವನ್ನು ಅಕ್ಷರಶಃ ಪಾಲಿಸುವ ಸಲುವಾಗಿ ನಾನು ಫೋರಂನಲ್ಲಿ ಸುಳ್ಳು ಖಾತೆ ತೆರೆದು ಒಬ್ಬ ಹೆಂಗಸನ್ನು ಸೃಷ್ಟಿಸಿದೆ: ರಾಜಮ್ಮ, ನಿವೃತ್ತ ಟೀಚರ್, ಮಂಡಿನೋವು.

“ಆಟ ನಮ್ಮ ಅಜ್ಜೀದು, ಕೈ ನಿಮ್ದು, ಹೆಸರು ಇಲ್ಲದಾಕೀದು. ಇದು ಎಲ್ಲಿಗೆ ಹೋಗಿ ಮುಟ್ಟತೈತ್ರಿ ಸರ್?” ಎಂದಳು ಶಿವಲೀಲಾ.

ತಾತ್ಕಾಲಿಕ ವ್ಯವಸ್ಥೆ ಎಂದೆ, ಇಲಾಖೆಯ ಮುಖ್ಯಸ್ಥನ ಗಾಂಭೀರ್ಯದಲ್ಲಿ.

ರಾಜಮ್ಮ ಗೆದ್ದಳು. ಹುಲಿ ನಾಲ್ಕು ಎಂದವರು ಬಂದರು. ಕುರಿಗೆ ಹುಣಸೆಬೀಜ ಸಾಕು ಎಂದವರು, ಬಳೆಚೂರೇ ಆಗಬೇಕು ಎಂದವರು, ಚೌಕಾಬಾರದಲ್ಲಿ ತಮ್ಮ ಮನೆಯ ನಿಯಮವೇ ಸರಿ ಎಂದವರು ಬಂದರು. ಒಂದು ತಿಂಗಳಿಗೆ ದಾಳ ಕಾಲು ಭಾಗಕ್ಕಿಳಿಯಿತು. ಮೇಡಂ ಸಂತೋಷಪಟ್ಟು, ರಾಜಮ್ಮನವರನ್ನು ಕಂಪನಿಯ ವಾರ್ಷಿಕ ಸಮಾರಂಭಕ್ಕೆ ಕರೆಸಿ ಸನ್ಮಾನಿಸೋಣ ಎಂದರು.

ಅಲ್ಲಿಂದ ನನ್ನ ದಾರಿಗಳು ಒಂದೊಂದಾಗಿ ಮುಚ್ಚಿದವು. ರಾಜಮ್ಮನನ್ನು ಮೈಸೂರಿನ ಮಗಳ ಮನೆಗೆ ಕಳಿಸಿದೆ. ಸದಸ್ಯರು ಮೈಸೂರಿನ ಆಟಗಳನ್ನು ಬರೆಯಿರಿ ಎಂದರು. ಜ್ವರ ಬರಿಸಿದೆ, ನಲವತ್ತು ಮಂದಿ ಕಷಾಯ ಹೇಳಿದರು. ಅವಳ ಕಥೆಯನ್ನೇ ಮುಗಿಸಿಬಿಡೋಣವೆಂದೂ ಒಂದು ಗಳಿಗೆ ಅನ್ನಿಸಿತು. ಶ್ರದ್ಧಾಂಜಲಿಯೇ ಅರ್ಧ ದಾಟಿ ಷರತ್ತು ಮುರಿಯುತ್ತದೆಂದು ಲೆಕ್ಕ ಹಾಕಿ ಕೈಬಿಟ್ಟೆ. ನಿಜ ಒಪ್ಪಿಕೊಂಡರೆ ಮೊದಲು ಕೆಲಸ ಕಳೆದುಕೊಳ್ಳುವವಳು ಪ್ರೊಬೇಷನ್ನಿನ ಶಿವಲೀಲಾ.

ಇದರ ನಡುವೆ ಟಿ. ದಾಸರಹಳ್ಳಿಯ ಪುಟ್ಟಸ್ವಾಮಿ ಎಂಬ ಸದಸ್ಯರು ದಿನವೂ ರಾಜಮ್ಮನಿಗೆ ಬರೆಯುತ್ತಿದ್ದರು. ಲೇತ್ ಕೆಲಸದಿಂದ ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು. ಟೀಚರಿಗಾಗಿ ಹುಲಿ-ಕುರಿ ಕಾಯಿ ಕಡೆಯುತ್ತಿದ್ದೇನೆ, ಎಲ್ಲಿಗೆ ಕಳಿಸಲಿ ಎಂದು ಕೇಳಿದರು. ತಪ್ಪಿಸಿಕೊಳ್ಳಲು ನಾನು ನಮ್ಮ ಆಫೀಸಿನ ವಿಳಾಸ ಕೊಟ್ಟು, ‘ಅಲ್ಲಿಯವರು ನನಗೆ ತಲುಪಿಸುತ್ತಾರೆ’ ಎಂದು ರಾಜಮ್ಮನ ಹೆಸರಲ್ಲಿ ಬರೆದೆ.

ಸೆಪ್ಟೆಂಬರ್ ಎರಡನೇ ವಾರ ಗೇಟಿನಿಂದ ಸೆಕ್ಯುರಿಟಿಯವನ ಫೋನು. “ಸಾರ್, ಯಜಮಾನ್ರೊಬ್ರು ಬಂದವ್ರೆ. ರಾಜಮ್ಮ ಟೀಚರ್‌ಗೆ ಕೊಡ್ಬೇಕಂತೆ.”

ಅಂಚೆಯಲ್ಲಿ ಕಳೆದುಹೋದೀತೆಂದು ಪುಟ್ಟಸ್ವಾಮಿ ಬಸ್ಸು ಬದಲಿಸಿ ಊರಿನ ಆ ತುದಿಯಿಂದ ಈ ತುದಿಗೆ ತಾವೇ ಬಂದಿದ್ದರು. ಸೆಕ್ಯುರಿಟಿ ಕೋಣೆಯ ಬೆಂಚಿನ ಮೇಲೆ ಡಬ್ಬಿ ಬಿಚ್ಚಿದರು. ಮೂರು ಹಿತ್ತಾಳೆ ಹುಲಿ, ಹದಿನೈದು ಅಲ್ಯೂಮಿನಿಯಂ ಕುರಿ. ಹಳೇ ಚಾಳಿ, ಕಣ್ಣಲ್ಲೇ ಅಳೆದೆ. ಹದಿನೈದರಲ್ಲಿ ಒಂದನ್ನೂ ನಾನು ರಿಜೆಕ್ಟ್ ಮಾಡುವಂತಿರಲಿಲ್ಲ. ಅದಾದ ಮೇಲೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ರಾಜಮ್ಮ ಅಂತ ಯಾರೂ ಇಲ್ಲ ಯಜಮಾನ್ರೆ. ಬರೆದಿದ್ದೆಲ್ಲ ನಾನೇ.”

ಅವರು ಡಬ್ಬಿಯ ಮುಚ್ಚಳ ಹಾಕಿದರು.

“ಮಂಡಿನೋವು?”

“ಅದು ನಂದೇ.”

“ಅರಳೆಣ್ಣೆ ಅಚ್ಚಿ ಅಂದಿದ್ನಲ್ಲ, ಅಚ್ಚಿದ್ರಾ?”

“ಹಚ್ಚಿದೆ. ಕಡಿಮೆಯಾಗಿದೆ.”

ಆಟ ಯಾರದೆಂದು ಕೇಳಿದರು. ಶಿವಲೀಲಾಳನ್ನು ಕರೆಸಿದೆ. ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಇಬ್ಬರೂ ಆಡಿದರು. ಅರ್ಧ ಗಂಟೆಯಲ್ಲಿ ಅವಳ ಕುರಿಗಳು ಮೂರೂ ಹುಲಿಗಳನ್ನು ಮೂಲೆಗೊತ್ತಿದವು. ನನಗೆ ಆ ಹುಲಿಗಳ ಮೇಲೆ ವಿಶೇಷ ಸಹಾನುಭೂತಿ ಉಂಟಾಯಿತು.

ಪುಟ್ಟಸ್ವಾಮಿ ಡಬ್ಬಿಯನ್ನು ಅವಳ ಕೈಗಿಟ್ಟು ಎದ್ದರು. “ಆಟ ಗೊತ್ತಿರೋ ಮಗಳು ಇಲ್ಲೇ ಕುಂತವ್ಳೆ. ಇಲ್ದೇ ಇರೋ ಅಮ್ಮನ್ನ ಯಾಕ್ ಸಾಮಿ ಉಟ್ಟುಸುದ್ರಿ?”

ಅವರು ಯಾರಿಗೂ ಹೇಳುವುದಿಲ್ಲವೆಂದರು. ಅಲ್ಲಿಗೆ ಸುಮ್ಮನಿರಬಹುದಿತ್ತು, ಇನ್ನು ಉಳಿದದ್ದು ಹದಿನೈದೇ ದಿನ. ಶಿವಲೀಲಾಳಿಗೆ ಹಾಗೇ ಹೇಳಿದೆ, ನಿನ್ನ ಕೆಲಸದ ಪ್ರಶ್ನೆ ಎಂದೆ.

“ನಿಜಾನ ಬರದು ಬಿಡ್ರಿ ಸರ್. ಕೆಲಸ ಹ್ವಾದ್ರ ಇನ್ನೊಂದು ಹುಡುಕ್ತೀನಿ,” ಎಂದಳು.

ಮರುದಿನ ಬೆಳಿಗ್ಗೆ ನನ್ನ ಹೆಸರು, ಹುದ್ದೆ ಹಾಕಿ ಎಲ್ಲವನ್ನೂ ಫೋರಂನಲ್ಲಿ ಬರೆದೆ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಜಗಲಿಯಲ್ಲಿ ಬಗೆಬಗೆಯ ಮಾತು ಬೇಕಾದರೆ ಬಗೆಬಗೆಯ ಜನ ಅವರವರ ಹೆಸರಲ್ಲೇ ಬಂದು ಕೂರಬೇಕು. ಸಿಬ್ಬಂದಿಗೂ ಬರೆಯಲು ಬಿಡಿ ಎಂದು ಮೇಡಂಗೆ ಕಾಗದ ಬರೆಯಲು ಹತ್ತು ನಿಮಿಷ ಸಾಕಿತ್ತು. ರಾಜಮ್ಮನಿಗೆ ಎರಡು ತಿಂಗಳು ಹಿಡಿಯಿತು.

ಶಿವಲೀಲಾ ಈಗ ಆ ಫೋರಂನ ಸಾಮಾನ್ಯ ಸದಸ್ಯೆ, ಸ್ವಂತ ಹೆಸರಿನಲ್ಲಿ. ಸೆಪ್ಟೆಂಬರ್ ಕೊನೆಯ ವರದಿಯ ಪ್ರಕಾರ, ನೂರು ಬರಹಗಳಲ್ಲಿ ಎಂಬತ್ತೊಂದು ಒಂದೇ ವಿಷಯದವು: ರಾಜಮ್ಮ. ಗುತ್ತಿಗೆ ನವೀಕರಣವಾಗಲಿಲ್ಲ.