ಸೇತುವೆಯ ಮೇಲೆ ನಿಂತ ಕಾರು

ಕಂಪ್ಯೂಟರ್ ಆಟದಲ್ಲಿ ಸೇತುವೆ ಬಂದರೆ ನಾನು ಈಗಲೂ ಕಾರು ನಿಲ್ಲಿಸುತ್ತೇನೆ. ಈ ಚಾಳಿ ಹಚ್ಚಿದವರು ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಒಬ್ಬರು.

ನನ್ನಂಥ ಬ್ಯಾಡಗಿಯವರು ಹೋದರೆ ಅವರು ಮೊದಲು ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದರು. ನಮ್ಮೂರಿನ ಕಂಪ್ಯೂಟರುಗಳ ಹೊಟ್ಟೆಯ ತುಂಬ ಮೆಣಸಿನಕಾಯಿ ಧೂಳು. ಕಟ್ಟಿಕೊಂಡರೂ ಸೀನುತ್ತಿದ್ದರು. "ಮೊದಲ ಸೀನೂದು ಮುಗೀಲಿ, ಆಮ್ಯಾಲ ಕೆಲಸ" ಎನ್ನುತ್ತಿದ್ದರು.

ಹೊಸ ಕಾರ್ ರೇಸ್ ಆಟ ನನ್ನ ಹಳೆಯ ಕಂಪ್ಯೂಟರಿನಲ್ಲಿ ತೆರೆಯುತ್ತಲೇ ಇರಲಿಲ್ಲ. ಮೊದಲ ಪಗಾರದಲ್ಲಿ ಗ್ರಾಫಿಕ್ಸ್ ಕಾರ್ಡ್ ಕೊಂಡು, ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಅವರು ಧೂಳನ್ನೆಲ್ಲ ಊದಿ ತೆಗೆದು, ಸೀನಿ ಮುಗಿಸಿ, ಒಳಗೆ ನೋಡಿದರು.

"ನಿಮ್ಮ ಪವರ್ ಸಪ್ಲೈ ಈ ಕಾರ್ಡ್ ತಡಿಯೂದಿಲ್ರಿ. ಹುಬ್ಬಳ್ಳಿಯಿಂದ ಹೊಸಾದು ಬರೂತನಕ ನಂದ ಇರ್ಲಿ" ಎಂದು ತಮ್ಮ ಕಂಪ್ಯೂಟರಿನದನ್ನೇ ಬಿಚ್ಚಿ ಹಾಕಿದರು.

ಆಟ ತೆರೆಯಿತು. ಪರೀಕ್ಷಿಸಲು ಅವರೇ ಕುಳಿತರು. ಉಳಿದ ಕಾರುಗಳೆಲ್ಲ ಮುಂದೆ ಹೋದವು. ಅವರು ಸೇತುವೆಯ ಮೇಲೆ ಕಾರು ನಿಲ್ಲಿಸಿ ಕೆಳಗಿನ ಹೊಳೆ ನೋಡುತ್ತ ಉಳಿದರು.

"ಸೋಲ್ತೀರಿ, ಓಡಸ್ರಿ" ಎಂದೆ.

"ತಡೀರಿ. ನೀರು ಖರೇನ ಅಲ್ಲಾಡಾಕತ್ತೈತಿ. ಮೇಡ್ಲೇರಿ ನಮ್ಮೂರು. ಮುಂಜಾನೆ ಹೊಳಿ ಹಿಂಗ ಕಾಣತಿತ್ತು."

"ಮೇಡ್ಲೇರಿ ಇಲ್ಲೇ ಐತಲ್ರಿ, ಹೋಗಿ ನೋಡಬಾರದೇನ್ರಿ?"

ಅವರು ಕರವಸ್ತ್ರ ತೆಗೆದು ಮುಖಕ್ಕೆ ಹಿಡಿದುಕೊಂಡರು.

"ಮೊದಲ ಸೀನೂದು ಮುಗೀಲಿ" ಎಂದರು.

ನಾನು ಬಹಳ ಹೊತ್ತು ಕಾದೆ. ಅವರು ಸೀನಲಿಲ್ಲ.