ಅಜ್ಜ ಬಾತು ಎಲ್ಲಿ ಹೋಯಿತು?

ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಗೊತ್ತಿರುವ ಪದಗಳೂ ಕಡಿಮೆ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಇದು ನನ್ನ ದೊಡ್ಡಮ್ಮನ ಕಥೆ.

ಮಕ್ಕಳ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳನ್ನು ಸರಿಮಾಡುವುದು ಅವಳ ಕೆಲಸ. ನಾನು ಅವಳ ಜೊತೆ ಕೂತು ಆ ಕೆಲಸ ಕಲಿಯುತ್ತಿದ್ದೇನೆ. ಮಕ್ಕಳ ಬಾಯಲ್ಲಿ ಅವಳು ಗೋಂದಮ್ಮ. ಬಿಚ್ಚಲಾಗದಂತೆ ಏನನ್ನೂ ಅಂಟಿಸಬಾರದು ಎಂಬುದು ಅವಳ ಹಠ. ಅದಕ್ಕೇ ಅಂಗಡಿಯ ಗೋಂದನ್ನು ಮುಟ್ಟದೆ, ಮೈದಾ ಕುದಿಸಿ ತಾನೇ ಅಂಟು ಮಾಡಿಕೊಳ್ಳುತ್ತಾಳೆ.

ಕಳೆದ ವಾರ ಪಕ್ಕದ ಬೀದಿಯ ದರ್ಜಿ ಹೆಂಗಸು, ಮಗಳು ಆರಿಸಿಕೊಂಡ ಬಾತುಕೋಳಿ ಪುಸ್ತಕ ಹಿಡಿದು ಬಂದಳು.

“ಅಕ್ಕಾ, ಅಜ್ಜ ಬಾತು ಸಾಯೋ ಎರಡು ಪುಟ ಅಂಟಿಸಿಬಿಡಿ. ನಮ್ಮಪ್ಪ ತೀರಿಕೊಂಡಿದ್ದು ಮಗಳಿಗೆ ಹೇಳಿಲ್ಲ. ಊರಿಗೆ ಹೋಗಿದಾರೆ ಅಂದಿದೀನಿ.”

“ರಾಕ್ಷಸ ಸತ್ತ ಪುಟ ಅಂಟಿಸಿ ಅಂತ ಯಾರೂ ಬರಲ್ಲಮ್ಮ. ಅಜ್ಜ ಸತ್ರೆ ಮಾತ್ರ ಅಂಟು ಬೇಕು! ಮಗು ಕೇಳಿದ್ರೆ?”

“ಮಕ್ಕಳು ಮರೀತವೆ ಬಿಡಿ.”

ದೊಡ್ಡಮ್ಮ ಒಲ್ಲದ ಮನಸ್ಸಿನಿಂದ ಅಂಚಿಗಷ್ಟೇ ಅಂಟು ಸವರಿದಳು.

ಇವತ್ತು ದರ್ಜಿ ಮಗಳ ಕೈ ಹಿಡಿದು ಮತ್ತೆ ಬಂದಳು. ಮುಖ ಬಾಡಿತ್ತು.

“ಕಥೆ ನಡುವೆ ಅಜ್ಜ ಬಾತು ಮಾಯ ಆಯ್ತಲ್ಲ, ದಾರಿ ತಪ್ಪಿದೆಯಂತೆ. ತಾತನೂ ದಾರಿ ತಪ್ಪಿದಾರಂತೆ. ತಾತ ಬರ್ತಾರೆ ಅಂತ ಇವಳು ಬಾಗಿಲು ಹಾಕೋಕೇ ಬಿಡಲ್ಲ. ಬೀದಿ ಬೆಕ್ಕುಗಳೆಲ್ಲ ನಮ್ಮನೇಲೇ ಬಿಡಾರ ಹೂಡಿವೆ ಅಕ್ಕಾ!”

“ಹುಡುಕೋಣ ಬಾ ಅಂದ್ರೆ ಅಮ್ಮ ಬರೋದೇ ಇಲ್ಲ,” ಎಂದು ಮಗಳು ದೂರು ಕೊಟ್ಟಳು.

ದರ್ಜಿ ತಲೆ ತಗ್ಗಿಸಿದಳು. “ಬಿಚ್ಚಿಬಿಡಿ. ನಾನೇ ಓದಿ ಹೇಳ್ತೀನಿ.”

ದೊಡ್ಡಮ್ಮ ಒದ್ದೆ ಬಟ್ಟೆ ಒತ್ತಿ, ಉಸಿರು ಬಿಗಿಹಿಡಿದು ಪುಟ ಬಿಡಿಸಿದಳು. ಒಂದರಲ್ಲಿ ಅಜ್ಜ ಬಾತು ಹುಲ್ಲಿನ ಮೇಲೆ ಸತ್ತು ಮಲಗಿತ್ತು. ಇನ್ನೊಂದರಲ್ಲಿ ಮರಿಗಳು ಅಳುತ್ತಿದ್ದವು. ದರ್ಜಿ ತಡವರಿಸುತ್ತ ಓದಿದಳು.

“ತಾತನೂ ಸತ್ತುಹೋದ್ರಾ?”

“ಹೂಂ ಪುಟ್ಟಿ. ಇನ್ನು ಬರಲ್ಲ.”

ಇಬ್ಬರೂ ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ದೊಡ್ಡಮ್ಮನೂ ಕಣ್ಣೊರೆಸಿಕೊಳ್ಳಲು ಹೋಗಿ ಮೂಗಿಗೆಲ್ಲ ಅಂಟು ಮೆತ್ತಿಕೊಂಡಳು.

“ಗೋಂದಮ್ಮಾ, ನಿಮ್ಮ ಮೂಗು!” ಪುಟ್ಟಿ ಅಳುತ್ತಲೇ ಕಿಸಕ್ಕೆಂದಳು. ಆಮೇಲೆ ಪುಟ ತಿರುವಿದಳು. ಅಲ್ಲಿ ಮರಿಗಳು ಎರೆಹುಳಕ್ಕಾಗಿ ಕಿತ್ತಾಡುತ್ತಿದ್ದವು.

“ಇಷ್ಟು ಬೇಗ ಜಗಳಾನಾ?”

“ಅಳೋರಿಗೂ ಹೊಟ್ಟೆ ಇರತ್ತಲ್ಲ ತಾಯಿ,” ಎಂದಳು ದೊಡ್ಡಮ್ಮ.

ಪುಟ್ಟಿ ಅಮ್ಮನ ಸೆರಗು ಎಳೆದಳು. “ಅಮ್ಮಾ, ನಂಗೂ ಹಸಿವು. ಮನೆಗೆ ಹೋಗೋಣ.”

ಆ ಎರಡು ಪುಟಗಳು ಇನ್ನೂ ಹಸಿಯಾಗಿವೆ, ಮತ್ತೆ ಅಂಟದಿರಲಿ ಎಂದು ಪುಸ್ತಕವನ್ನು ಇಲ್ಲೇ ತೆರೆದಿಟ್ಟಿದ್ದೇವೆ. ನಾಳೆ ಬೆಳಿಗ್ಗೆ ಅವುಗಳ ನಡುವೆ ಒಣ ಕಾಗದವಿಟ್ಟು, ಪುಸ್ತಕದ ಮೇಲೆ ಭಾರ ಹೇರುತ್ತೇನೆ.