ಗೆಜ್ಜೆ ಕಟ್ಟುವ ಜಾಗದ ಗುರುತುಗಳು

೨೦೨೨ರ ಆಗಸ್ಟ್. ಆಗ ನಾನು ಜಾರ್ಜಿಯಾ ರಾಜ್ಯದ ಲಾರೆನ್ಸ್‌ವಿಲ್‌ನ ಒಂದು ಕ್ಲಿನಿಕ್ಕಿನಲ್ಲಿ ಮಕ್ಕಳ ವೈದ್ಯೆಯಾಗಿದ್ದೆ. ಶಾಲೆಯ ಕ್ರೀಡಾ ತಂಡಗಳಿಗೆ ಸೇರುವ ಮಕ್ಕಳು ಸ್ಪೋರ್ಟ್ಸ್ ಫಿಸಿಕಲ್ ಎಂಬ ದೈಹಿಕ ತಪಾಸಣೆಗೆ ಸಾಲುಗಟ್ಟಿ ಬರುವ ಕಾಲ ಅದು. ಹಾಗೆ ಬಂದವರಲ್ಲಿ ಒಬ್ಬ ಹುಡುಗನನ್ನು ಇಲ್ಲಿ ಜೆರಿಕೊ ಎಂದು ಕರೆಯುತ್ತೇನೆ. ವಯಸ್ಸು ಹದಿನಾರು. ತಾಯಿ ಮಾರಿವಿಕ್ ಫಿಲಿಪೀನ್ಸ್‌ನಿಂದ ನರ್ಸ್ ಆಗಿ ಬಂದು ಇಲ್ಲೇ ನೆಲೆಸಿದವರು.

ಸುಡು ಬೇಸಿಗೆಯಲ್ಲೂ ಹುಡುಗ ಉದ್ದನೆಯ ಸಾಕ್ಸ್ ತೊಟ್ಟಿದ್ದ. ತೆಗೆಯಲು ಹೇಳಿದಾಗ ತಡಮಾಡಿದ. ನಾನೇ ಜಾರಿಸಿ ನೋಡಿದೆ. ಎರಡೂ ಕಾಲುಗಳಲ್ಲಿ, ಸರಿಯಾಗಿ ಗೆಜ್ಜೆ ಕಟ್ಟುವ ಜಾಗದಲ್ಲಿ, ಒಳಗೂ ಹೊರಗೂ ಒಂದೇ ಎತ್ತರಕ್ಕೆ ಕಂದುಗಟ್ಟಿದ ಗುರುತುಗಳು. ಕೆಲವು ಹೊಸವು, ನೀಲಿ. ಕೆಲವು ಹಳೆಯವು, ಹಳದಿಗೆ ತಿರುಗಿದ್ದವು.

"ಸೈಕಲ್ಲಿಂದ ಬಿದ್ದ," ಎಂದರು ತಾಯಿ. ನಾನಿನ್ನೂ ಏನನ್ನೂ ಕೇಳಿರಲಿಲ್ಲ.

ಸೈಕಲ್ಲಿನಿಂದ ಬಿದ್ದವರಿಗೆ ಮೊಣಕಾಲು, ಅಂಗೈ ತರಚುತ್ತದೆ. ಎರಡೂ ಕಾಲಿಗೆ ಬಳೆ ತೊಡಿಸಿದಂತೆ ಪೆಟ್ಟಾಗುವುದಿಲ್ಲ. ಕಾಲು ಕಟ್ಟಿಹಾಕಿದ ಮಕ್ಕಳನ್ನು ತರಬೇತಿಯ ದಿನಗಳಲ್ಲಿ ನೋಡಿದ್ದೆ, ಅದೇ ನೆನಪಾಯಿತು. ಕ್ಲಿನಿಕ್ಕಿನಲ್ಲಿ ಇನ್ನೂ ಮಾಸ್ಕ್ ಕಡ್ಡಾಯವಿತ್ತು. ತಾಯಿಯ ಮುಖದಲ್ಲಿ ಕಾಣುತ್ತಿದ್ದುದು ಕಣ್ಣು ಮಾತ್ರ. ಅವು ಮಗನನ್ನು ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದವು.

ಹರೆಯದವರ ಜೊತೆ ಸ್ವಲ್ಪ ಹೊತ್ತು ಹೆತ್ತವರಿಲ್ಲದೆ ಮಾತಾಡುವುದು ನಮ್ಮಲ್ಲಿ ರೂಢಿ. ತಾಯಿಯನ್ನು ಹೊರಗೆ ಕೂರಿಸಿದೆ.

"ಮನೇಲಿ ಯಾರಿಗಾದ್ರೂ ಹೆದರ್ತೀಯಾ?"

ಹುಡುಗ ನೆಲ ನೋಡಿದ. "ಅಪ್ಪನಿಗೆ. ಆದ್ರೆ ನೀವು ಅಂದ್ಕೊಂಡ ಹಾಗಲ್ಲ."

ಆ ಎರಡನೆಯ ಮಾತನ್ನು ನಾನು ನಂಬಲಿಲ್ಲ. ಹೆಚ್ಚಿನ ಮಕ್ಕಳು ಹಾಗೇ ಹೇಳುತ್ತಾರೆ. ಮೊಗಸಾಲೆಯಲ್ಲಿ ನಮ್ಮ ಹಿರಿಯ ಪಾರ್ಟ್‌ನರ್ ಶ್ರೀಕಂಠ ಅಂಕಲ್ ಸಿಕ್ಕರು. ಮೈಸೂರಿನವರು, ಎಪ್ಪತ್ತು ದಾಟಿದವರು. ವಿಷಯ ಹೇಳಿದೆ.

"ಶ್ಯೂರ್ ಆಗೋ ತನಕ ವೇಟ್ ಮಾಡ್ಬೇಡಮ್ಮ," ಎಂದರು. "ಡೌಟ್ ಇದ್ರೆ ಕಾಲ್ ಮಾಡು. ಪ್ರೂವ್ ಮಾಡೋದು ನಿನ್ ಕೆಲ್ಸ ಅಲ್ಲ."

ಕಾನೂನು ಹೇಳುವುದೂ ಅದನ್ನೇ. ಮಕ್ಕಳ ಮೇಲೆ ದೌರ್ಜನ್ಯ ನಡೆದಿದೆಯೆಂಬ ಸಕಾರಣ ಸಂಶಯ ಬಂದರೆ ವೈದ್ಯರು ಮಕ್ಕಳ ರಕ್ಷಣಾ ಇಲಾಖೆಗೆ ವರದಿ ಮಾಡಲೇಬೇಕು. ಆ ಫೋನ್ ಹೋದರೆ ಸಂಜೆಯೊಳಗೆ ಅಧಿಕಾರಿಗಳು ಮನೆಗೆ ಬರಬಹುದು. ಒಳಗೆ ಹೋಗಿ, ಫೋನ್ ಮಾಡಲಿದ್ದೇನೆ ಎಂದು ಜೆರಿಕೊಗೆ ನೇರವಾಗಿ ತಿಳಿಸಿದೆ.

ಅವನು ಧಡಕ್ಕನೆ ಎದ್ದು ನಿಂತ. "ಪ್ಲೀಸ್, ಬೇಡ. ಇದು ಬಿದಿರಿನ ಪೆಟ್ಟು. ಡ್ಯಾನ್ಸ್‌ದು!"

ಅದು ಫಿಲಿಪೀನ್ಸ್‌ನ ಸಿಂಗ್ಕಿಲ್ ಎಂಬ ನೃತ್ಯ. ಬಿದಿರಿನ ಗಳುಗಳನ್ನು ನೆಲದ ಮೇಲೆ ಹಿಡಿದು ತಾಳಕ್ಕೆ ಸರಿಯಾಗಿ ಕೂಡಿಸುತ್ತ, ಅಗಲಿಸುತ್ತ ಇರುತ್ತಾರೆ. ನಡುವೆ ರಾಜಕುಮಾರಿ ಬೀಸಣಿಗೆ ಹಿಡಿದು ಹೆಜ್ಜೆ ಹಾಕುತ್ತಾಳೆ, ಹಿಂದೆ ಕತ್ತಿ ಹಿಡಿದ ರಾಜಕುಮಾರ. ಅವರ ಸಮುದಾಯದ ಸಂಘದಲ್ಲಿ ತಂದೆ ವರ್ಷಗಟ್ಟಲೆ ಆ ಕತ್ತಿ ಹಿಡಿದವರು. ಮಗನೂ ಹಿಡಿಯಬೇಕೆಂಬ ಆಸೆ ಅವರದು. ಜೆರಿಕೊ ಅದನ್ನು ಬಿಟ್ಟು, ಪಾತ್ರಗಳನ್ನು ಹುಡುಗ ಹುಡುಗಿ ಎಂದು ಹಂಚದ ಅಟ್ಲಾಂಟಾದ ಒಂದು ಯುವ ತಂಡವನ್ನು ಗುಟ್ಟಾಗಿ ಸೇರಿದ್ದ. ಅಲ್ಲಿ ಅವನೇ ರಾಜಕುಮಾರಿ.

"ನಾನು ಫಿಲಿಪೀನ್ಸ್ ನೋಡೇ ಇಲ್ಲ, ಡಾಕ್ಟರ್. ಅಲ್ಲಿಂದ ನನಗೆ ಬಂದಿರೋದು ಈ ಡ್ಯಾನ್ಸ್ ಒಂದೇ. ಅದ್ರಲ್ಲೂ ನಂದಲ್ಲದ ಪಾರ್ಟ್ ಯಾಕೆ ಮಾಡ್ಲಿ?"

ಕಥೆ ಚೆನ್ನಾಗಿತ್ತು. ಅದಕ್ಕೇ ನನ್ನ ಅನುಮಾನ ಹೆಚ್ಚಾಯಿತು. "ತೋರ್ಸು," ಎಂದೆ.

ಮೂಲೆಯಲ್ಲಿ ಒಂದು ಜೊತೆ ಊರುಗೋಲುಗಳಿದ್ದವು. ನಮ್ಮ ನರ್ಸ್ ಡೆನೀಸ್‌ರನ್ನು ಒಳಗೆ ಕರೆದೆ. ಅವರು ಒಂದು ತುದಿ, ನಾನು ಇನ್ನೊಂದು ತುದಿ ಹಿಡಿದು ನೆಲದ ಮೇಲೆ ಕುಳಿತೆವು. ಅವನು ಹೇಳಿಕೊಟ್ಟಂತೆ ಎರಡು ಸಲ ನೆಲಕ್ಕೆ ಬಡಿದು ಒಂದು ಸಲ ಕೂಡಿಸಿದೆವು. ಹುಡುಗ ಬರಿಗಾಲಲ್ಲಿ ನಡುವೆ ಇಳಿದ. ನಮ್ಮ ತಾಳ ತಪ್ಪಿದ ಕೂಡಲೇ ಊರುಗೋಲು ಅವನ ಕಾಲನ್ನು ಎರಡೂ ಬದಿಯಿಂದ ಕಚ್ಚಿತು, ಸರಿಯಾಗಿ ಆ ಗುರುತುಗಳ ಮೇಲೆ. ಅವನು ಹಲ್ಲು ಕಚ್ಚಿ ಮುಂದುವರಿಸಿದ.

ಸದ್ದು ಕೇಳಿ ಮಾರಿವಿಕ್ ಬಾಗಿಲು ತೆರೆದರು. ಮಗನ ಬೆರಳುಗಳು ಇಲ್ಲದ ಬೀಸಣಿಗೆಯನ್ನು ತಿರುಗಿಸುತ್ತಿದ್ದವು. ಆಕೆಗೆ ಯಾರೂ ಏನೂ ವಿವರಿಸಬೇಕಾಗಲಿಲ್ಲ. ಒಣಗಿದ ದನಿಯಲ್ಲಿ, "ಕೆಳಗೆ ನೋಡ್ಬೇಡ. ರಾಜಕುಮಾರಿ ಬಿದಿರನ್ನ ನೋಡಲ್ಲ," ಎಂದರು. ಹಾಗೆಂದವರೇ ಕುರ್ಚಿಗೆ ಕುಸಿದು ಅತ್ತರು. ಗುರುತುಗಳನ್ನು ಆಕೆ ಮೊದಲೇ ಕದ್ದು ನೋಡಿದ್ದರು. ಗಂಡನ ಕೆಲಸವೇ ಇರಬೇಕೆಂದುಕೊಂಡು, ಗಂಡನನ್ನು ಉಳಿಸಲು ಸೈಕಲ್ಲಿನ ಸುಳ್ಳು ಹೇಳಿದ್ದರು.

ಫೋನ್ ಮಾಡಲಿಲ್ಲ. ಮೈಯ ಬೇರೆಲ್ಲೂ ಗುರುತಿಲ್ಲವೆಂದು ನೋಡಿ, ಎಲ್ಲವನ್ನೂ ಬರೆದಿಟ್ಟು, ಎರಡು ವಾರ ಬಿಟ್ಟು ತಂದೆಯ ಜೊತೆ ಬರಲು ಹೇಳಿದೆ. ಆ ಎರಡು ವಾರವೂ ಮೋಸಹೋದೆನೇ ಎಂಬ ಅಳುಕು ಬಿಡಲಿಲ್ಲ.

ಅಷ್ಟರಲ್ಲಿ ಎಲ್ಲ ವಿಷಯ ತಿಳಿದಿದ್ದ ತಂದೆ, ಹೆಂಡತಿ ಮಗನ ಜೊತೆ ಬಂದರು. ಕೈಕಟ್ಟಿ ಕುಳಿತು ಕೇಳಿದರು: "ನಾನೇ ಮಾಡಿದೀನಿ ಅಂತ ನಿಮಗೆ ಅನ್ಸಿತ್ತಾ?"

"ಅನ್ಸಿತ್ತು," ಎಂದೆ.

"ಅದು ನಿಮ್ಮ ಕೆಲ್ಸ, ಸರಿ." ಕಟ್ಟಿದ ಕೈ ಬಿಚ್ಚಿದರು. "ನನ್ನ ಹೆಂಡ್ತಿಗೂ ಅನ್ಸಿತ್ತಂತೆ."

ನಾನು ಜೆರಿಕೊನ ಸಾಕ್ಸ್ ಜಾರಿಸಿದೆ. ಹುಡುಗನ ಕಾಲಲ್ಲಿ ಹೊಸ ಗುರುತುಗಳಿರಲಿಲ್ಲ. ಬಿದಿರಿಗೆ ಅಪ್ಪ ಫೋಮ್ ಸುತ್ತಿಕೊಟ್ಟಿದ್ದಾರೆಂದು ಅವನು ದೂರಿದ: "ಈಗ ಸೌಂಡೇ ಬರಲ್ಲ."

"ಶೋಗೆ ಬರ್ತೀನೋ ಇಲ್ವೋ ಗೊತ್ತಿಲ್ಲ," ಎಂದರು ತಂದೆ, ಮಗನತ್ತ ನೋಡದೆ. "ಪ್ರಾಕ್ಟೀಸ್‌ಗೆ ಡ್ರೈವ್ ಮಾಡ್ತೀನಿ."

ಸಂಶಯಪಡುವುದಕ್ಕೆ ನನಗೆ ಸಂಬಳ ಕೊಡುತ್ತಾರೆ, ಈಗಲೂ ಪಡುತ್ತೇನೆ. ತಪ್ಪಾದರೆ ನನ್ನ ಕಡತದಲ್ಲಿ ಒಂದು ಸಾಲು ಬರೆದು ಮುಗಿಸಬಹುದು. ಮನೆಯೊಳಗೆ ಹುಟ್ಟಿದ ಸಂಶಯಕ್ಕೆ ಆ ಸೌಲಭ್ಯವಿಲ್ಲ ಎಂಬುದನ್ನು ಅಂದು, ಆ ಮೂವರೂ ಕಾರಿನತ್ತ ಬೇರೆ ಬೇರೆಯಾಗಿ ನಡೆದು ಹೋದುದನ್ನು ನೋಡುತ್ತ ಕಲಿತೆ.